ಊಟಿಯ ಅಂಗಡಿಯ ವಿಂಟರ್‌ಗ್ರೀನ್ ಎಣ್ಣೆ ಮತ್ತು ಅದರ ಮೂಲದ ಗಿಡ

ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ ಊಟಿಗೆ ಹೋಗಿಬರುವವರು ಚಹಾಪುಡಿ, ವರ್ಕಿ, ಚಾಕೊಲೇಟುಗಳ ಜೊತೆಗೆ ಒಂದೆರಡು ಎಣ್ಣೆಯ ಶೀಶೆಗಳನ್ನೂ ತರುವುದು ಹಳೆಯ ವಾಡಿಕೆ. ಅವುಗಳಲ್ಲಿ ಎದ್ದು ಕಾಣುವುದು ನೀಲಗಿರಿ ಎಣ್ಣೆಯಾದರೂ, ಮಂಡಿನೋವು, ಸೊಂಟನೋವುಗಳಿಗೆಂದು ಕೇಳಿದವರ ಮುಂದೆ ಅಂಗಡಿಯವರು ಇಡುವುದು ವಿಂಟರ್‌ಗ್ರೀನ್ ಎಣ್ಣೆಯನ್ನು. ಊಟಿ ಪೇಟೆಯ ಸಣ್ಣ ಅಂಗಡಿಯೊಂದರಲ್ಲಿ ಕೊಂಡ ಇಂಥ ನೂರು ಮಿಲಿಲೀಟರಿನ ಶೀಶೆಯನ್ನು ಮನೆಯಲ್ಲಿ ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ನೋವಿಗೆ ಹಚ್ಚುವ ಎಣ್ಣೆಯಾಗಿ ಇದು ಕೆಲಸ ಮಾಡುತ್ತದೆ. ಆದರೆ ಬೆಟ್ಟದ ಗಿಡವೊಂದರ ಎಲೆಯಿಂದ ಇಳಿಸಿದ ಎಣ್ಣೆ ಎಂದು ನಂಬಿ ಕೊಳ್ಳುವುದಕ್ಕೆ ಶೀಶೆಯ ಮೇಲಿನ ಚೀಟಿ ಯಾವ ಆಧಾರವನ್ನೂ ಕೊಡುವುದಿಲ್ಲ, ಮಕ್ಕಳಿರುವ ಮನೆಗೆ ಅತ್ಯಗತ್ಯವಾದ ಎಚ್ಚರಿಕೆಯ ಮಾತಂತೂ ಅದರ ಮೇಲೆ ಇಲ್ಲವೇ ಇಲ್ಲ. ಈ ಎರಡು ಕೊರತೆಗಳು ಎಷ್ಟು ದೊಡ್ಡವು ಎಂಬುದು ಆ ಗಿಡವನ್ನು ಅರಿತವರಿಗೆ ಮಾತ್ರ ಸ್ಪಷ್ಟವಾಗುವುದರಿಂದ, ಶೀಶೆಯ ಮಾತಿಗಿಂತ ಗಿಡದ ಮಾತೇ ಇಲ್ಲಿ ಹೆಚ್ಚು ಬಂದಿದೆ.

ಗಿಡದ ಸಸ್ಯಶಾಸ್ತ್ರೀಯ ಹೆಸರು ಗಾಲ್ತೇರಿಯಾ ಫ್ರಾಗ್ರಾಂಟಿಸ್ಸಿಮಾ. ಕಲ್ಕತ್ತೆಯ ಸಸ್ಯೋದ್ಯಾನವನ್ನು ನೋಡಿಕೊಳ್ಳುತ್ತಿದ್ದ ನಥಾನಿಯಲ್ ವಾಲಿಕ್ 1820ರಲ್ಲಿ ಇದನ್ನು ವರ್ಣಿಸಿ ಹೆಸರಿಟ್ಟರು. ನೀಲಗಿರಿಯ ಗಿಡಗಳನ್ನು ಹಿಂದೆ ಗಾಲ್ತೇರಿಯಾ ಲೆಶೆನೊಲ್ಟಿ ಎಂಬ ಬೇರೆ ಪ್ರಭೇದವೆಂದು ಎಣಿಸುತ್ತಿದ್ದರು, ಈಗ ಎರಡನ್ನೂ ಒಂದೇ ಎಂದು ಪರಿಗಣಿಸುತ್ತಾರೆ. ರೋಡೋಡೆಂಡ್ರಾನ್ ಮತ್ತು ಬ್ಲೂಬೆರ್ರಿಗಳು ಸೇರಿದ ಎರಿಕೇಸೀ ಕುಟುಂಬದ ಸಸ್ಯವಿದು. ಹಿಮಾಲಯದ ಮಧ್ಯಮ ಎತ್ತರದ ಇಳಿಜಾರುಗಳಲ್ಲಿ, ಖಾಸಿ ಬೆಟ್ಟಗಳಲ್ಲಿ, ಮ್ಯಾನ್ಮಾರಿನ ಮಲೆಗಳಲ್ಲಿ ಬೆಳೆಯುವ ಈ ಗಿಡ ಮತ್ತೆ ಕಾಣಿಸಿಕೊಳ್ಳುವುದು ದೂರದ ದಕ್ಷಿಣದಲ್ಲಿ, ನೀಲಗಿರಿ, ಆನೆಮಲೆ, ಪಳನಿ ಬೆಟ್ಟಗಳ ನೆತ್ತಿಯಲ್ಲಿ ಹಾಗೂ ಶ್ರೀಲಂಕಾದ ಎತ್ತರದ ಪ್ರದೇಶಗಳಲ್ಲಿ. ನಡುವಿನ ಬಯಲುಸೀಮೆಯ ಬಿಸಿಲಿನಲ್ಲಿ ಇದಕ್ಕೆ ಬಾಳಿಲ್ಲ. ಕೆಂಪು ಹೂವಿನ ರೋಡೋಡೆಂಡ್ರಾನ್ ಮರದ ಹಂಚಿಕೆಯೂ ಹೆಚ್ಚುಕಡಿಮೆ ಹೀಗೆಯೇ ಇದೆ. ಭೂಮಿ ಇಂದಿಗಿಂತ ತಂಪಾಗಿದ್ದ ಯುಗಗಳಲ್ಲಿ ಇಂಥ ಸಸ್ಯಗಳು ದಕ್ಷಿಣಕ್ಕೆ ಹರಡಿ, ಹವೆ ಬೆಚ್ಚಗಾದಂತೆ ಬೆಟ್ಟದ ತುದಿಗಳಿಗೆ ಏರಿ ಅಲ್ಲಿಯೇ ಉಳಿದುಕೊಂಡವೆಂಬುದು ಸಸ್ಯವಿಜ್ಞಾನಿಗಳು ಬಹುಕಾಲದಿಂದ ಮುಂದಿಡುತ್ತ ಬಂದಿರುವ ವಿವರಣೆ.

ಗಿಡದ ಗಾತ್ರ ಅದು ನಿಂತ ಜಾಗವನ್ನು ಅವಲಂಬಿಸಿದೆ. ಗಾಳಿ ಬೀಸುವ ತೆರೆದ ಇಳಿಜಾರಿನಲ್ಲಿ ಮೊಣಕಾಲೆತ್ತರದ ಗಟ್ಟಿ ಕುರುಚಲಾಗಿ ನೆಲಕ್ಕೆ ಒತ್ತಿಕೊಂಡಿರುತ್ತದೆ. ಬೆಟ್ಟದ ಮಡಿಕೆಗಳಲ್ಲಿ ಬೆಳೆಯುವ ಶೋಲಾ ಎಂಬ ದಟ್ಟ ಕಾಡಿನ ಅಂಚಿನ ನೆರಳು ಸಿಕ್ಕಿದರೆ ಆಳೆತ್ತರವನ್ನೂ ಮೀರಿ ಪೊದೆಯಾಗುತ್ತದೆ. ಎಳೆಯ ರೆಂಬೆಗಳಿಗೆ ಕೆಂಪು ಛಾಯೆಯಿದೆ. ಎಲೆಗಳು ಒಂದು ಬಿಟ್ಟು ಒಂದರಂತೆ ಜೋಡಣೆಗೊಂಡಿದ್ದು, ತೊಗಲಿನಂತೆ ದಪ್ಪವಾಗಿ, ಮೇಲೆ ಹೊಳಪಿನಿಂದ ಕೂಡಿ, ಅಂಚಿನಲ್ಲಿ ಸಣ್ಣ ಗರಗಸದ ಹಲ್ಲುಗಳನ್ನು ಹೊಂದಿರುತ್ತವೆ. ಎಲೆಯನ್ನು ಮಗುಚಿ ನೋಡಿದರೆ ಕೆಳಮೈಯಲ್ಲಿ ಕಂದು ಚುಕ್ಕೆಗಳು ಕಾಣುತ್ತವೆ. ಹೂವುಗಳು ತೀರ ಚಿಕ್ಕವು. ಎಲೆಯ ಕಂಕುಳಿನಿಂದ ಹೊರಡುವ ತೆಳ್ಳನೆಯ ಗೊಂಚಲುಗಳಲ್ಲಿ ಬಿಳಿಯ ಅಥವಾ ನಸುಹಸಿರು ಬಿಳಿಯ ಪುಟ್ಟ ಗಡಿಗೆಗಳನ್ನು ಬೋರಲು ಹಾಕಿದಂತೆ ಸಾಲಾಗಿ ತೂಗುತ್ತವೆ. ಎಸಳುಗಳೆಲ್ಲ ಒಂದಾಗಿ ಕೂಡಿ ಬಾಯಿ ಕಿರಿದಾಗಿರುವುದರಿಂದ ಮಳೆಯ ಹನಿ ಒಳಗೆ ಹೋಗದು, ಮಕರಂದವನ್ನು ಅರಸಿ ಬಂದ ಕೀಟ ಮಾತ್ರ ಕೆಳಗಿನಿಂದ ಮೂತಿ ತೂರಿಸಬೇಕು. ಕೇಸರಗಳ ಪರಾಗಕೋಶಗಳು ಉದ್ದಕ್ಕೆ ಸೀಳುವುದಿಲ್ಲ. ತುದಿಯ ರಂಧ್ರಗಳಿಂದ ಪರಾಗವನ್ನು ಉದುರಿಸುತ್ತವೆ.

ಈ ಗಿಡದ ಹಣ್ಣನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ. ನೋಡಲು ಕಡುನೀಲಿ ಬಣ್ಣದ ರಸಭರಿತ ಹಣ್ಣಿನಂತಿದ್ದರೂ, ನಿಜವಾದ ಕಾಯಿ ಒಳಗಿನ ಒಣಗಿದ ಸಂಪುಟ ಮಾತ್ರ. ಹೂವಿನ ಬುಡದಲ್ಲಿದ್ದ ಪುಷ್ಪಪಾತ್ರೆಯೇ ಹೂ ಉದುರಿದ ಮೇಲೆ ಊದಿಕೊಂಡು, ತಿರುಳು ತುಂಬಿಕೊಂಡು, ನೀಲಿಗಟ್ಟಿ ಆ ಸಂಪುಟವನ್ನು ಸುತ್ತುವರಿಯುತ್ತದೆ. ಹಕ್ಕಿಗಳು ಇದನ್ನು ತಿಂದು, ಧೂಳಿನಷ್ಟು ಸಣ್ಣ ಬೀಜಗಳನ್ನು ದೂರ ಸಾಗಿಸುತ್ತವೆ. ಗಾಳಿಗೆ ಹಾರುವ ಬೀಜಗಳ ಒಣಕಾಯಿಯನ್ನು ಹಕ್ಕಿಗೆ ಉಣಿಸುವ ಹಣ್ಣಾಗಿ ಮಾರ್ಪಡಿಸಿಕೊಂಡ ಈ ಬಗೆ ಗಾಲ್ತೇರಿಯಾ ಕುಲದ ಅನೇಕ ಸಸ್ಯಗಳಲ್ಲಿದೆ. ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ ಒಂದು ಗೇಣನ್ನೂ ಮೀರದೆ ನೆಲದ ಮೇಲೆ ಹಬ್ಬುವ ಗಾಲ್ತೇರಿಯಾ ಪ್ರೊಕಂಬೆನ್ಸ್ ಎಂಬ ಅರೆಪೊದೆಯ ಕೆಂಪು ಹಣ್ಣೂ ಇದೇ ರೀತಿಯದು. ವಿಂಟರ್‌ಗ್ರೀನ್ ಎಂಬ ಹೆಸರು ಮೊದಲು ಸಂದದ್ದು ಆ ಅಮೆರಿಕದ ಗಿಡಕ್ಕೆ. ಎಲೆಯ ಪರಿಮಳ ಒಂದೇ ಆಗಿರುವುದರಿಂದ ನಮ್ಮ ಬೆಟ್ಟದ ಗಿಡಕ್ಕೂ ವ್ಯಾಪಾರದಲ್ಲಿ ಅದೇ ಹೆಸರು ಅಂಟಿಕೊಂಡಿತು. ನಮ್ಮಲ್ಲಿ ನೋವಿನ ಮುಲಾಮುಗಳ ಚೀಟಿಯ ಮೇಲೆ ಗಂಧಪುರ ತೈಲ ಎಂದು ಅಚ್ಚಾಗುವುದು ಈ ಗಿಡದ ಎಣ್ಣೆಯೇ.

ನೀಲಗಿರಿಯಲ್ಲಿ ಈ ಗಿಡವನ್ನು ನೋಡಬೇಕೆಂದರೆ 2,637 ಮೀಟರ್ ಎತ್ತರದ ದೊಡ್ಡಬೆಟ್ಟದ ಸುತ್ತಲಿನ ಇಳಿಜಾರುಗಳು, ಅವಲಾಂಚಿಯ ಕಡೆಯ ಕಾಡಿನಂಚುಗಳು ತಕ್ಕ ಸ್ಥಳಗಳು. ಅಲ್ಲಿನ ಮೂಲ ಭೂದೃಶ್ಯ ಎರಡು ಪಾಲಿನದು: ಬೆಟ್ಟದ ಮಡಿಕೆಗಳಲ್ಲಿ, ನೀರಿನ ಜಾಡಿನ ಉದ್ದಕ್ಕೂ ಗಿಡ್ಡ ಮರಗಳ ದಟ್ಟವಾದ ಶೋಲಾ ಕಾಡು, ಅದರ ಹೊರಗೆ, ಗುಡ್ಡದ ಬೆನ್ನಿನ ಮೇಲೆಲ್ಲ ಹುಲ್ಲುಗಾವಲು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹುಲ್ಲಿನ ಮಟ್ಟದಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿಯಿರುತ್ತದೆ, ಆ ಹಿಮಕ್ಕೆ ಮರದ ಸಸಿಗಳು ಸುಟ್ಟುಹೋಗುತ್ತವೆ. ಶೋಲಾ ಕಾಡು ಬಯಲಿಗೆ ಹರಡದೆ ಉಳಿದಿರುವುದಕ್ಕೆ ಇದೊಂದು ಮುಖ್ಯ ಕಾರಣ. ಗಾಲ್ತೇರಿಯಾ ನೆಲೆ ಮಾಡಿಕೊಂಡಿರುವುದು ಈ ಎರಡರ ಗಡಿಯಲ್ಲಿ. ಕಾಡಿನ ಒಳಗಿನ ಕತ್ತಲೆ ಅದಕ್ಕೆ ಹಿಡಿಸುವುದಿಲ್ಲ. ಕಾಡಿನಂಚು, ತೊರೆಯ ದಡ, ರಸ್ತೆಗಾಗಿ ಕಡಿದ ಗುಡ್ಡದ ಕೆಂಪು ಮಣ್ಣಿನ ಗೋಡೆ, ಬಂಡೆಗಳ ನಡುವಿನ ಹುಲ್ಲು, ಇವು ಅದರ ಜಾಗಗಳು. ಹಳದಿ ಹೂವಿನ ಹೈಪರಿಕಮ್ ಮೈಸೂರೆನ್ಸ್, ಮುಳ್ಳಿನ ಬೆರ್ಬೆರಿಸ್, ಗುಲಾಬಿ ಹೂವಿನ ರೋಡೋಮಿರ್ಟಸ್, ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ ಇದರ ನೆರೆಹೊರೆಯ ಗಿಡಗಳು.

ಆ ಮಣ್ಣು ಆಮ್ಲೀಯವಾದದ್ದು. ವರ್ಷವಿಡೀ ಮಳೆ ಮತ್ತು ಮಂಜಿನಿಂದ ತೊಳೆದುಹೋಗಿ ಲವಣಗಳಲ್ಲಿ ಬಡವಾಗಿದ್ದರೂ ಕೊಳೆತ ಎಲೆ ಮತ್ತು ಹುಲ್ಲಿನ ಕಪ್ಪು ಗೊಬ್ಬರದ ಪದರ ಅದರ ಮೇಲಿರುತ್ತದೆ. ಸಾಮಾನ್ಯ ಗಿಡಗಳಿಗೆ ಆ ಪದರದಲ್ಲಿ ಬಂಧಿತವಾದ ಸಾರಜನಕವನ್ನು ಹೀರಿಕೊಳ್ಳುವುದು ಕಷ್ಟ. ಎರಿಕೇಸೀ ಕುಟುಂಬದ ಸಸ್ಯಗಳ ಕೂದಲೆಳೆಯಂಥ ಬೇರುಗಳಲ್ಲಿ ಮನೆಮಾಡಿಕೊಂಡಿರುವ ವಿಶೇಷ ಬಗೆಯ ಶಿಲೀಂಧ್ರಗಳು ಆ ಕೆಲಸವನ್ನು ಮಾಡಿಕೊಡುತ್ತವೆ, ಪ್ರತಿಯಾಗಿ ಗಿಡದಿಂದ ಸಕ್ಕರೆಯನ್ನು ಪಡೆಯುತ್ತವೆ. ಬೆಂಗಳೂರಿನ ಅಂಗಳದ ಕುಂಡದಲ್ಲಿ, ಸುಣ್ಣದಂಶದ ಬೋರ್‌ವೆಲ್ ನೀರು ಹಾಕಿ ಈ ಗಿಡವನ್ನು ಬೆಳೆಸುವ ಆಸೆ ಇರುವವರು ಈ ಸಂಗತಿಯನ್ನು ಗಮನಿಸಬೇಕು. ಅದಕ್ಕೆ ಬೇಕಾದದ್ದು ತಂಪು ಹವೆ, ಹುಳಿ ಮಣ್ಣು ಮತ್ತು ಆ ಶಿಲೀಂಧ್ರ, ಮೂರೂ ಒಟ್ಟಿಗೆ.

ಇನ್ನು ಎಣ್ಣೆಯ ವಿಷಯ. ಗಿಡದಲ್ಲಿರುವ ಎಲೆಯನ್ನು ಮೂಸಿದರೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಬೆರಳುಗಳ ನಡುವೆ ಹೊಸಕಿದಾಗ ಮಾತ್ರ ನೋವಿನ ಮುಲಾಮಿನ ಪರಿಚಿತ ಘಾಟು ಏಳುತ್ತದೆ. ಎಲೆಯಲ್ಲಿ ಸುಗಂಧದ ಅಂಶವು ಗಾಲ್ತೆರಿನ್ ಎಂಬ ರೂಪದಲ್ಲಿ, ಸಕ್ಕರೆಗೆ ಕಟ್ಟಿಹಾಕಲ್ಪಟ್ಟಿರುತ್ತದೆ. ಎಲೆ ಜಜ್ಜಿಹೋದಾಗ ಕಿಣ್ವವೊಂದು ಆ ಕಟ್ಟನ್ನು ಬಿಡಿಸುತ್ತದೆ, ಆಗ ಮೀಥೈಲ್ ಸ್ಯಾಲಿಸಿಲೇಟ್ ಹೊರಬರುತ್ತದೆ. ಆದ್ದರಿಂದಲೇ ಎಣ್ಣೆ ಇಳಿಸುವವರು ಎಲೆಯನ್ನು ನೇರವಾಗಿ ಹಂಡೆಗೆ ಹಾಕುವುದಿಲ್ಲ. ಕತ್ತರಿಸಿ, ಬೆಚ್ಚನೆಯ ನೀರಿನಲ್ಲಿ ಕೆಲವು ಗಂಟೆ ನೆನೆಸಿಟ್ಟು, ಅನಂತರ ಆವಿಯಲ್ಲಿ ಬಟ್ಟಿ ಇಳಿಸುತ್ತಾರೆ. ನೂರು ಕಿಲೋ ಎಲೆಗೆ ಸಿಗುವ ಎಣ್ಣೆ ಒಂದು ಕಿಲೋದ ಆಸುಪಾಸು, ಹಲವೊಮ್ಮೆ ಅದಕ್ಕೂ ಕಡಿಮೆ. ಆ ಎಣ್ಣೆಯಲ್ಲಿ ನೂರಕ್ಕೆ 96ರಿಂದ 99 ಭಾಗ ಮೀಥೈಲ್ ಸ್ಯಾಲಿಸಿಲೇಟ್ ಒಂದೇ ಇರುತ್ತದೆ. ಸುಗಂಧತೈಲಗಳ ಲೋಕದಲ್ಲಿ ಇದು ಅಪರೂಪ, ಏಕೆಂದರೆ ಹೆಚ್ಚಿನ ಸಸ್ಯತೈಲಗಳು ಹತ್ತಾರು ಸಂಯುಕ್ತಗಳ ಮಿಶ್ರಣ. ಗಿಡಕ್ಕೆ ಈ ವಸ್ತುವಿನಿಂದ ಏನು ಪ್ರಯೋಜನ ಎಂಬ ಪ್ರಶ್ನೆಗೆ ಬೇರೊಂದು ಸಸ್ಯದಿಂದ ಒಂದು ಸುಳಿವು ದೊರೆತಿದೆ: ವೈರಸ್ ತಗುಲಿದ ಹೊಗೆಸೊಪ್ಪಿನ ಗಿಡಗಳು ಮೀಥೈಲ್ ಸ್ಯಾಲಿಸಿಲೇಟನ್ನು ಗಾಳಿಗೆ ಬಿಡುತ್ತವೆ, ಅದು ಪಕ್ಕದ ಗಿಡಗಳಲ್ಲಿ ರಕ್ಷಣೆಯ ವ್ಯವಸ್ಥೆಯನ್ನು ಎಚ್ಚರಿಸಬಲ್ಲದು ಎಂದು 1997ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು.

ಎಣ್ಣೆ ಒಂದೇ ಸಂಯುಕ್ತದಿಂದ ಆಗಿರುವುದು ಕೊಳ್ಳುವವರ ಪಾಲಿಗೆ ತೊಡಕಿನ ಮೂಲವೂ ಆಯಿತು. ಫ್ರಾನ್ಸಿನ ರಸಾಯನಜ್ಞ ಒಗುಸ್ತ್ ಕಾಹೂರ್ 1843ರಲ್ಲಿ ವಿಂಟರ್‌ಗ್ರೀನ್ ಎಣ್ಣೆಯ ರಚನೆಯನ್ನು ಗುರುತಿಸಿದರು. ನೀಲಗಿರಿಯಲ್ಲಿಯೇ, ಮಲೇರಿಯಾದ ಮದ್ದಾದ ಕ್ವಿನೈನ್ ಕೊಡುವ ಸಿಂಕೋನಾ ಮರಗಳ ತೋಟಗಳ ಕೆಲಸಕ್ಕಾಗಿ ಮದ್ರಾಸ್ ಸರ್ಕಾರ ನೇಮಿಸಿದ್ದ ರಸಾಯನಜ್ಞ ಜಾನ್ ಬ್ರೌಟನ್ 19ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಗಿಡದ ಎಣ್ಣೆಯನ್ನು ಪರೀಕ್ಷಿಸಿ, ಅದು ಅಮೆರಿಕದ ಎಣ್ಣೆಗೆ ಸಮನಾದದ್ದೆಂದೂ ಅದರಿಂದ ಸೋಂಕುನಿವಾರಕವಾದ ಕಾರ್ಬಾಲಿಕ್ ಆಮ್ಲವನ್ನು ಶುದ್ಧ ರೂಪದಲ್ಲಿ ತಯಾರಿಸಬಹುದೆಂದೂ ತೋರಿಸಿದ್ದರು. ಕಲ್ಲಿದ್ದಲಿನ ಡಾಂಬರಿನಿಂದ ದೊರೆಯುತ್ತಿದ್ದ ಅಗ್ಗದ ಕಾರ್ಬಾಲಿಕ್ ಆಮ್ಲದ ಎದುರು ಬೆಟ್ಟದ ಎಲೆ ನಿಲ್ಲಲಿಲ್ಲ. ಮುಂದೆ ಸ್ಯಾಲಿಸಿಲಿಕ್ ಆಮ್ಲ ಮತ್ತು ಮೆಥನಾಲ್‌ಗಳನ್ನು ಕೂಡಿಸಿ ಮೀಥೈಲ್ ಸ್ಯಾಲಿಸಿಲೇಟನ್ನೇ ಕಾರ್ಖಾನೆಗಳಲ್ಲಿ ತಯಾರಿಸುವುದು ಸಾಧ್ಯವಾದ ಮೇಲೆ ಎಲೆಯ ಎಣ್ಣೆಯ ವ್ಯಾಪಾರ ಕುಗ್ಗಿತು. ಇಂದು ಎಲೆಯಿಂದ ಇಳಿಸಿದ ವಿಂಟರ್‌ಗ್ರೀನ್ ಎಣ್ಣೆಗೆ ಹೆಸರಾಗಿರುವುದು ಮುಖ್ಯವಾಗಿ ನೇಪಾಳ. ಅಲ್ಲಿ ಧಸಿಂಗರೆ ಎಂದು ಕರೆಯುವ ಇದೇ ಗಿಡದ ಎಲೆಯನ್ನು ಗುಡ್ಡಗಾಡಿನ ಸಮುದಾಯ ಅರಣ್ಯಗಳ ಜನ ಸಂಗ್ರಹಿಸಿ ಬಟ್ಟಿ ಇಳಿಸುತ್ತಾರೆ.

ಈ ಹಿನ್ನೆಲೆಯಲ್ಲಿ ನಾನು ತಂದ ಶೀಶೆಯನ್ನು ಪರೀಕ್ಷಿಸಿದೆ. ನೀರು ತುಂಬಿದ ಗಾಜಿನ ಲೋಟಕ್ಕೆ ಕೆಲವು ಹನಿ ಬಿಟ್ಟಾಗ ಅವು ಉರುಟು ಮಣಿಗಳಾಗಿ ತಳಕ್ಕೆ ಇಳಿದವು. ಇದು ಒಳ್ಳೆಯ ಲಕ್ಷಣ. ಮೀಥೈಲ್ ಸ್ಯಾಲಿಸಿಲೇಟ್‌ನ ಸಾಂದ್ರತೆ ಸುಮಾರು 1.18 ಇರುವುದರಿಂದ ಅದು ನೀರಿನಲ್ಲಿ ಮುಳುಗುತ್ತದೆ. ನೀಲಗಿರಿ ಎಣ್ಣೆ, ಖನಿಜ ತೈಲ, ಕೊಬ್ಬರಿ ಎಣ್ಣೆ ಇವೆಲ್ಲ ತೇಲುತ್ತವೆ. ಧಾರಾಳವಾಗಿ ಅಗ್ಗದ ಎಣ್ಣೆ ಬೆರೆಸಿದ್ದರೆ ಹನಿ ಹೀಗೆ ಮುಳುಗುತ್ತಿರಲಿಲ್ಲ. ಅಂದರೆ ಶೀಶೆಯೊಳಗಿನ ವಸ್ತು ಬಹುಪಾಲು ಮೀಥೈಲ್ ಸ್ಯಾಲಿಸಿಲೇಟ್ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದು ಎಲೆಯಿಂದ ಬಂದದ್ದೋ ಕಾರ್ಖಾನೆಯಿಂದ ಬಂದದ್ದೋ ಎಂಬುದನ್ನು ಲೋಟದ ನೀರಾಗಲಿ ಮೂಗಾಗಲಿ ಹೇಳಲಾರದು. ಎಲೆಯಲ್ಲಿರುವುದು ಗಿಡವು ಇತ್ತೀಚೆಗೆ ಗಾಳಿಯಿಂದ ಹೀರಿಕೊಂಡ ಇಂಗಾಲ, ಕಾರ್ಖಾನೆಯ ಎಣ್ಣೆಯಲ್ಲಿರುವುದು ಪೆಟ್ರೋಲಿಯಮ್ಮಿನ ಪುರಾತನ ಇಂಗಾಲ. ಹಾಗಾಗಿ ವಿಕಿರಣಶೀಲ ಇಂಗಾಲವನ್ನು ಅಳೆಯುವ ಪ್ರಯೋಗಾಲಯಗಳು ಎರಡನ್ನೂ ಬೇರ್ಪಡಿಸಬಲ್ಲವು. ಗ್ರಾಹಕರಿಗೆ ಎಟುಕುವ ದಾರಿ ಅದಲ್ಲ.

ನಮಗೆ ಉಳಿಯುವುದು ಸಾಂದರ್ಭಿಕ ಸೂಚನೆಗಳು ಮಾತ್ರ. ನನ್ನ ಶೀಶೆಯ ಎಣ್ಣೆ ನೀರಿನಂತೆ ನಿರ್ವರ್ಣವಾಗಿತ್ತು. ಎಲೆಯ ಎಣ್ಣೆಗೆ ಸಾಮಾನ್ಯವಾಗಿ ತಿಳಿಹಳದಿ ಅಥವಾ ನಸುಗೆಂಪು ಛಾಯೆ ಇರುತ್ತದೆ, ಬಟ್ಟಿಯ ಪಾತ್ರೆಯ ಕಬ್ಬಿಣದ ಸೋಂಕಿನಿಂದ ಕೆಂಪು ಏರುವುದೂ ಉಂಟು. ಬೆಲೆ ಪಕ್ಕದಲ್ಲಿದ್ದ ನೀಲಗಿರಿ ಎಣ್ಣೆಯ ಬೆಲೆಗೆ ಸಮವಾಗಿತ್ತು. ನೀಲಗಿರಿ ಎಂದು ನಾವು ಕರೆಯುವ ಯೂಕಲಿಪ್ಟಸ್ ಆಸ್ಟ್ರೇಲಿಯಾದಿಂದ ತಂದು ಎಕರೆಗಟ್ಟಲೆ ನೆಟ್ಟ, ಬೇಗ ಬೆಳೆಯುವ ಮರ. ಅದರ ಸೊಪ್ಪಿಗೆ ಬರವಿಲ್ಲ. ಕಾಡಿನಂಚಿನ ಕುರುಚಲು ಗಿಡದಿಂದ ಕೈಯಲ್ಲಿ ಬಿಡಿಸಿ, ನೆನೆಸಿ, ನೂರಕ್ಕೆ ಒಂದರಂತೆ ಇಳಿಸಿದ ಎಣ್ಣೆಯನ್ನು ಅದೇ ಬೆಲೆಗೆ ಕೊಡುವುದು ಹೇಗೆ ಸಾಧ್ಯವೆಂದು ನಾನು ಕೇಳಿದಾಗ ಅಂಗಡಿಯಲ್ಲಿ ದೊರೆತದ್ದು, ಇಲ್ಲಿಯ ಬೆಟ್ಟದ ಎಲೆಯದೇ ಎಂಬ ಒಂದು ಸಾಲಿನ ಉತ್ತರ. ಚೀಟಿಯ ಮೇಲೆ ಸಸ್ಯದ ಹೆಸರಿಲ್ಲ, ಎಲೆ ತಂದ ಊರಿನ ಹೆಸರಿಲ್ಲ, ಬಟ್ಟಿ ಇಳಿಸಿದ ತಿಂಗಳಿಲ್ಲ. ಹಸಿರು ಎಲೆಯ ಚಿತ್ರವೊಂದಿದೆ, ಆ ಎಲೆಗೂ ಗಾಲ್ತೇರಿಯಾಕ್ಕೂ ಹೋಲಿಕೆಯಿಲ್ಲ.

ಕಾರ್ಖಾನೆಯ ಮೀಥೈಲ್ ಸ್ಯಾಲಿಸಿಲೇಟ್ ಕೀಳೆಂದು ನಾನು ಹೇಳುತ್ತಿಲ್ಲ. ಅಣು ಒಂದೇ, ಚರ್ಮದ ಮೇಲೆ ಅದರ ಕೆಲಸವೂ ಒಂದೇ. ಬೆಟ್ಟದ ದೃಷ್ಟಿಯಿಂದ ನೋಡಿದರೆ ಕಾರ್ಖಾನೆಯ ಎಣ್ಣೆಯೇ ಮೇಲು ಎನ್ನಿಸುವ ಸಂದರ್ಭವೂ ಇದೆ. ನೀಲಗಿರಿಯ ಹುಲ್ಲುಗಾವಲಿನ ಬಹುಭಾಗವನ್ನು ಚಹಾ ತೋಟಗಳು, ಯೂಕಲಿಪ್ಟಸ್, ಪೈನ್ ಮತ್ತು ವ್ಯಾಟಲ್ ನೆಡುತೋಪುಗಳು ಈಗಾಗಲೇ ನುಂಗಿವೆ. ಚರ್ಮ ಹದಮಾಡುವ ತೊಗಟೆಗಾಗಿ ತಂದ ವ್ಯಾಟಲ್ ತಾನಾಗಿಯೇ ಹಬ್ಬುತ್ತಿದೆ, ಯುರೋಪಿನಿಂದ ಬಂದ ಹಳದಿ ಹೂವಿನ ಸ್ಕಾಚ್ ಬ್ರೂಮ್ ಉಳಿದ ಹುಲ್ಲಿನ ಮೇಲೂ ಕವಿಯುತ್ತಿದೆ. ಗಾಲ್ತೇರಿಯಾ ಸದ್ಯಕ್ಕೆ ಅಳಿವಿನಂಚಿನ ಗಿಡವಲ್ಲ, ರಸ್ತೆಯ ಬದಿಯಲ್ಲಿಯೂ ಅದು ಬದುಕಿಕೊಳ್ಳುತ್ತದೆ. ಆದರೂ ಅದರ ನೆಲೆ ಕಿರಿದಾಗುತ್ತಿರುವಾಗ, ಊಟಿಗೆ ಬರುವ ಪ್ರವಾಸಿಗರ ಬೇಡಿಕೆಗೆ ತಕ್ಕಷ್ಟು ಎಲೆಯನ್ನು ಯಾವ ಗುಡ್ಡದಿಂದ, ಯಾರ ಅನುಮತಿಯಿಂದ, ಬುಡವನ್ನು ಉಳಿಸಿ ರೆಂಬೆಯನ್ನಷ್ಟೇ ಕೊಯ್ದು ತರಲಾಗುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದ ಎಲೆಯ ಎಣ್ಣೆಗಿಂತ, ತಾನು ಕಾರ್ಖಾನೆಯದೆಂದು ಒಪ್ಪಿಕೊಳ್ಳುವ ಶೀಶೆಯನ್ನು ನಾನು ಸಂತೋಷದಿಂದ ಕೊಳ್ಳುತ್ತೇನೆ. ನನ್ನ ಆಕ್ಷೇಪವಿರುವುದು ಒಂದನ್ನು ಇನ್ನೊಂದರ ಹೆಸರಿನಲ್ಲಿ ಮಾರುವುದಕ್ಕೆ.

ಬಳಕೆಯ ಅನುಭವ ಚಿಕ್ಕದಾಗಿ ಹೇಳಬಹುದಾದದ್ದು. ಎಣ್ಣೆಯನ್ನು ನೇರವಾಗಿ ಹಚ್ಚಿದರೆ ಉರಿಯೇಳುವುದರಿಂದ, ಹತ್ತು ಪಾಲು ಎಳ್ಳೆಣ್ಣೆಗೆ ಒಂದು ಪಾಲು ಬೆರೆಸಿ ಮಂಡಿಗೂ ಹೆಗಲಿಗೂ ಸಂಜೆಯ ಹೊತ್ತು ತಿಕ್ಕಿಕೊಂಡಾಗ ಸ್ವಲ್ಪ ಹೊತ್ತಿನಲ್ಲಿ ಬಿಸಿ ಹತ್ತಿ, ಬಿಗಿತ ಸಡಿಲವಾಗಿ, ರಾತ್ರಿ ಮಲಗುವವರೆಗೂ ಹಿತವಾಗಿರುತ್ತಿತ್ತು. ನೋವಿನ ಮೂಲವನ್ನು ಇದು ಗುಣಪಡಿಸುವುದಿಲ್ಲ, ನೋವಿನ ಅರಿವನ್ನು ಕೆಲಕಾಲ ತಗ್ಗಿಸುತ್ತದೆ. ಒಡೆದ ಚರ್ಮಕ್ಕೆ ಹಚ್ಚಬಾರದು, ಹಚ್ಚಿದ ಮೇಲೆ ಬಿಸಿ ಶಾಖವನ್ನೂ ಕೊಡಬಾರದು, ಬಿಗಿಯಾದ ಪಟ್ಟಿಯನ್ನೂ ಕಟ್ಟಬಾರದು; ಹಾಗೆ ಮಾಡಿದರೆ ಚರ್ಮದ ಮೂಲಕ ರಕ್ತಕ್ಕೆ ಸೇರುವ ಪ್ರಮಾಣ ಹೆಚ್ಚುತ್ತದೆ. ಶೀಶೆಯ ಪ್ಲಾಸ್ಟಿಕ್ ಮುಚ್ಚಳ ಸಡಿಲವಾಗಿದ್ದು, ಚೀಲದ ಬಟ್ಟೆಗಳಿಗೆಲ್ಲ ವಾಸನೆ ಹಿಡಿದಿತ್ತು.

ಮುಚ್ಚಳದ ಈ ಸಡಿಲಿಕೆ ವಾಸನೆಯ ತೊಂದರೆಗಷ್ಟೇ ನಿಲ್ಲುವುದಿಲ್ಲ. ಮೀಥೈಲ್ ಸ್ಯಾಲಿಸಿಲೇಟ್ ಹೊಟ್ಟೆಗೆ ಹೋದರೆ ಆಸ್ಪಿರಿನ್ನಿನ ಕುಟುಂಬದ ವಿಷವಾಗುತ್ತದೆ. ಒಂದು ಟೀ ಚಮಚ, ಎಂದರೆ ಐದು ಮಿಲಿಲೀಟರ್ ಶುದ್ಧ ಎಣ್ಣೆ ಸುಮಾರು ಏಳು ಗ್ರಾಂ ಆಸ್ಪಿರಿನ್ನಿಗೆ ಸಮ. 325 ಮಿಲಿಗ್ರಾಮಿನ ಮಾತ್ರೆಗಳಲ್ಲಿ ಲೆಕ್ಕ ಹಾಕಿದರೆ ಇಪ್ಪತ್ತಕ್ಕೂ ಹೆಚ್ಚು. ಅಷ್ಟು ಪ್ರಮಾಣ ಪುಟ್ಟ ಮಗುವಿನ ಪ್ರಾಣವನ್ನೇ ತೆಗೆಯಬಲ್ಲದು. ಮಿಠಾಯಿಯನ್ನು ನೆನಪಿಸುವ ಸಿಹಿಯಾದ ಪರಿಮಳ ಮಕ್ಕಳನ್ನು ಸೆಳೆಯುವುದರಿಂದ ಅಪಾಯ ಇನ್ನೂ ಹೆಚ್ಚು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ಈ ಎಣ್ಣೆಯನ್ನು ಮೈಗೆ ಧಾರಾಳವಾಗಿ ತಿಕ್ಕಿಕೊಂಡರೂ ರಕ್ತಸ್ರಾವದ ಭಯವಿದೆ. ಆಸ್ಪಿರಿನ್ ಒಗ್ಗದವರು, ಗರ್ಭಿಣಿಯರು ದೂರವಿರಬೇಕು. ನನ್ನ ಶೀಶೆಯ ಚೀಟಿಯಲ್ಲಿ ಕೀಲುನೋವು, ತಲೆನೋವು, ನೆಗಡಿ, ಹಲ್ಲುನೋವುಗಳ ಉದ್ದನೆಯ ಪಟ್ಟಿಯಿದೆ. ಕುಡಿಯಬಾರದು ಎಂಬ ಒಂದು ಪದ ಅದರಲ್ಲಿಲ್ಲ, ಮಕ್ಕಳಿಂದ ದೂರವಿಡಿ ಎಂಬ ಸಾಲೂ ಇಲ್ಲ. ಹಲ್ಲುನೋವಿಗೆಂದು ಬಾಯಿಗೆ ಹಾಕಿಕೊಳ್ಳಲು ಪ್ರೇರೇಪಿಸುವ ಚೀಟಿಯನ್ನು ಇಂಥ ಶೀಶೆಯ ಮೇಲೆ ಅಂಟಿಸಿರುವುದು ಕ್ಷಮಿಸಲಾಗದ ಬೇಜವಾಬ್ದಾರಿ. ಬೆಲೆ, ಬಣ್ಣ, ಮೂಲ ಇವುಗಳ ಕುರಿತು ಮೇಲೆ ಬರೆದದ್ದನ್ನೆಲ್ಲ ಬದಿಗಿಟ್ಟರೂ ಈ ಒಂದು ಕಾರಣಕ್ಕೆ ಐದರಲ್ಲಿ ಎರಡಕ್ಕಿಂತ ಹೆಚ್ಚು ಅಂಕ ಕೊಡಲು ನನಗೆ ಮನಸ್ಸಾಗುವುದಿಲ್ಲ.

ನೋವಿಗೊಂದು ಲೇಪನ ಸಾಕೆನ್ನುವವರು ತಮ್ಮೂರಿನ ಔಷಧದಂಗಡಿಯಲ್ಲಿ ಸಿಗುವ, ಮೀಥೈಲ್ ಸ್ಯಾಲಿಸಿಲೇಟ್‌ನ ಶೇಕಡಾವಾರು ಪ್ರಮಾಣವನ್ನು ಅಚ್ಚುಹಾಕಿರುವ ಮುಲಾಮನ್ನು ಕೊಂಡರೆ ಸಾಕು. ಊಟಿಯಿಂದ ಹೊತ್ತು ತರಬೇಕಾಗಿಲ್ಲ. ಎಲೆಯ ಎಣ್ಣೆಯೇ ಬೇಕೆನ್ನುವವರು ಗಾಲ್ತೇರಿಯಾ ಫ್ರಾಗ್ರಾಂಟಿಸ್ಸಿಮಾ ಎಂಬ ಪೂರ್ಣ ಹೆಸರು, ಎಲೆ ಕೊಯ್ದ ಪ್ರದೇಶ, ತಯಾರಿಕೆಯ ಬ್ಯಾಚ್ ಸಂಖ್ಯೆ ಮತ್ತು ವಿಷದ ಎಚ್ಚರಿಕೆ ನಾಲ್ಕೂ ಚೀಟಿಯ ಮೇಲಿದ್ದರೆ ಮಾತ್ರ ಹಣ ಕೊಡಲಿ. ಈಗಾಗಲೇ ಇಂಥ ಶೀಶೆಯನ್ನು ಮನೆಗೆ ತಂದಿರುವವರು ಅದನ್ನು ಅಡುಗೆಮನೆಯ ಎಣ್ಣೆಗಳ ಸಾಲಿನಿಂದ ಇಂದೇ ತೆಗೆದು, ಮುಚ್ಚಳವನ್ನು ಬಿಗಿದು, ಬೀಗವಿರುವ ಕಪಾಟಿನಲ್ಲಿ ಇಡಬೇಕು. ಯಾರಾದರೂ ಆಕಸ್ಮಿಕವಾಗಿ ಕುಡಿದರೆ ಲಕ್ಷಣಗಳಿಗೆ ಕಾಯದೆ, ವಾಂತಿ ಮಾಡಿಸಲು ಯತ್ನಿಸದೆ, ಶೀಶೆಯನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಬೇಕು.